ಬಂದು ಹೋಗುವ ದೋಷ

ತಿಹೋಮಿರ್ ಅದನ್ನು ಮೊಣಕೈ ಸವೆದ ಸ್ವೆಟರಿನಲ್ಲಿ ಸುತ್ತಿ ತಂದ,
ಪಾಂಚೆವೊ ಬಸ್ ನಿಲ್ದಾಣದಿಂದ ನನ್ನ ಅಂಗಡಿವರೆಗೆ
ಎದೆಗವಚಿಕೊಂಡು, ಕಾಲಡಿಯ ಮಂಜುಗಡ್ಡೆಗೆ ಹೆದರುತ್ತ.
ಎಂಬತ್ತನಾಲ್ಕರಲ್ಲಿ ನಕ್ಷೆ ನೋಡಿ
ಅಡುಗೆಮನೆ ಮೇಜಿನ ಮೇಲೆ ತಾನೇ ಬೆಸೆದ ಕಂಪ್ಯೂಟರು.
ಡಬ್ಬಿ, ಮುರಿದ ಕಪಾಟಿನ ಹಲಗೆಯದು.
"ಕೆಟ್ಟಿಲ್ಲ," ಅಂದ.
"ಆಗಾಗ ಕೆಡುತ್ತೆ."

ಸತ್ತ ಯಂತ್ರ ನನಗೆ ಸಲೀಸು.
ಹೆಣ ಸುಳ್ಳು ಹೇಳುವುದಿಲ್ಲ.
ಮೀಟರಿನ ಎರಡು ಮೊನೆ ಊರಿದರೆ
ಹರಿವು ಎಲ್ಲಿ ನಿಂತಿದೆಯೋ ಅಲ್ಲೇ ಸಿಕ್ಕುತ್ತದೆ.
ಇದು ಹಾಗಲ್ಲ. ಇದು
ವೈದ್ಯರ ಬಾಗಿಲು ಕಂಡೊಡನೆ ಮಾಯವಾಗುವ ಹಲ್ಲುನೋವು,
ಕರೆದರೆ ಬಾರದ ಸೀನು.

ಮೊದಲ ದಿನ ಎಂಟು ತಾಸು ಉರಿಸಿದೆ. ಹಸುವಿನಷ್ಟು ಸಾಧು.
ಎರಡನೆಯ ದಿನವೂ.
ಪರದೆಯ ತುಂಬ ಅವನು ಬರೆದುಕೊಟ್ಟ ನಾಲ್ಕೇ ಅಕ್ಷರ:
ಡಿ, ಎ, ಎನ್, ಎ.
ಡಾನಾ.
ಯಾರೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ರಿಪೇರಿಯವಳಿಗೆ ಬೇಕಾದ್ದು ಅಕ್ಷರ.

ಮೂರನೆಯ ರಾತ್ರಿ ಕೋಶವಾ ಗಾಳಿ ಎದ್ದಿತು.
ಬೀಸಿದರೆ ಮೂರು ದಿನ, ಇಲ್ಲವೇ ಏಳು, ಅನ್ನುತ್ತಾರೆ ಇಲ್ಲಿ.
ಕಿಟಕಿಯ ಸಂದಿಯಿಂದ ನಾಲಗೆ ಚಾಚಿ ಮೇಜನ್ನು ನೆಕ್ಕಿತು.
ಆಗ, ನಾನು ನೋಡುತ್ತಿದ್ದಂತೆಯೇ,
ಡಿ ಹೋಗಿ ಎಫ್, ಎ ಹೋಗಿ ಸಿ,
ಎನ್ ಮಾತ್ರ ಎನ್ ಆಗಿಯೇ ಉಳಿಯಿತು.
ಎಫ್ ಸಿ ಎನ್ ಸಿ.
ಯಾವ ತಾಯಿಯೂ ಇಡದ ಹೆಸರು.
ಕಾಫಿ ಉಕ್ಕಿತೆಂದು ಎದ್ದು ಬರುವಷ್ಟರಲ್ಲಿ
ಮತ್ತೆ ಡಾನಾ, ಏನೂ ಆಗದವಳ ಹಾಗೆ.

ಇರಲಿ. ಕಂಡಾಗಿತ್ತು.
ಎಂಟು ದಾರಿಗಳಲ್ಲಿ ಎರಡನೆಯದು
ಸೊನ್ನೆ ಅನ್ನಬೇಕಾದಲ್ಲಿ ಒಂದು ಅನ್ನುತ್ತಿದೆ.
ಎನ್ ಅಕ್ಷರದ ಹೊಟ್ಟೆಯಲ್ಲಿ ಅಲ್ಲಿ ಮೊದಲೇ ಒಂದಿದೆ:
ಮುಳುಗಿದವನಿಗೆ ಚಳಿಯೇನು.

ಚಳಿ ಸ್ಪ್ರೇ ಹೊಡೆದೆ. ಮೆಮೊರಿ ಚಿಪ್ಪಿನ ಬೆನ್ನ ಮೇಲೆ
ಬಿಳಿ ಇಬ್ಬನಿ ಕೂತಿತು, ಅದು ಮಿಸುಕಲಿಲ್ಲ.
ಹೇರ್ ಡ್ರೈಯರ್ ಹಿಡಿದೆ. ಇಲ್ಲ.
ಪೆನ್ಸಿಲಿನ ರಬ್ಬರ್ ತುದಿಯಿಂದ ಒಂದೊಂದನ್ನೇ ತಟ್ಟುತ್ತ ಹೋದರೆ
ಇದನ್ನು ತಟ್ಟಿದಾಗ ಸುಮ್ಮನಿದ್ದು
ಪಕ್ಕದ್ದನ್ನು ತಟ್ಟಿದಾಗ ಚೀರಿತು, ಒಂದೇ ಸಲ.

ಒಂದು ಬಾರಿಗೆ ಒಂದೇ ಬದಲಾವಣೆ:
ಕಲಿಯಲು ಬಂದ ಹುಡುಗರಿಗೆಲ್ಲ ಮೂವತ್ತು ವರ್ಷ
ಇದನ್ನೇ ಹೇಳಿದ್ದೇನೆ, ಬೆರಳಿಗೆ ಸ್ಕೇಲಿನಿಂದ ಹೊಡೆದೂ ಹೇಳಿದ್ದೇನೆ.
ಆ ರಾತ್ರಿ ಎರಡು ಗಂಟೆಗೆ
ಸಾಕೆಟ್ಟಿನಿಂದ ಚಿಪ್ ಕಿತ್ತು, ಕಪ್ಪಿಟ್ಟ ಕಾಲುಗಳನ್ನು ಉಜ್ಜಿ,
ಒತ್ತಿ ಕೂರಿಸಿ, ಸುಮ್ಮನೆ ಬೋರ್ಡು ಮಗುಚಿದರೆ
ಭೂತಗನ್ನಡಿಯಡಿ ಒಂದು ಬೆಸುಗೆ ಮಂಕು,
ಸುತ್ತ ಕೂದಲೆಳೆಯಂಥ ಉಂಗುರ, ಬಿರುಕು.
ಉಳಿದವೆಲ್ಲ ನುಣುಪು. ಇದೊಂದು ಅವಸರದ್ದು,
ಅಥವಾ ಬೇರೆ ಕೈಯದು.
ನನ್ನ ಕೈ ತಡೆಯಲಿಲ್ಲ. ಕಾದ ಮೊನೆ ಮುಟ್ಟಿಸಿಯೇಬಿಟ್ಟೆ.
ತವರ ಒಂದು ಕ್ಷಣ ಒದ್ದೆ ಕಣ್ಣಿನಂತೆ ಹೊಳೆದು
ಮುಚ್ಚಿಕೊಂಡಿತು.

ಹಾಗಾದರೆ ಗುಣ ಮಾಡಿದ್ದು ಯಾವುದು? ಉಜ್ಜಿದ್ದೋ, ಬೆಸೆದದ್ದೋ,
ಬೆಳಗಿನ ಜಾವ ಗಾಳಿ ನಿಂತದ್ದೋ?
ಪುಸ್ತಕದಲ್ಲಿ "ದುರಸ್ತಿಯಾಗಿದೆ" ಎಂದು ಬರೆದು
ಗೀಟು ಹೊಡೆದು, ಕೆಳಗೆ ಬರೆದೆ:
"ನಲವತ್ತೊಂದು ತಾಸು. ಕಾಣಿಸಿಕೊಳ್ಳಲಿಲ್ಲ."
ಇಷ್ಟಕ್ಕೆ ದುಡ್ಡು ಕೇಳಲು ನಾಚಿಕೆ.
ಅವನೂ ದುಡ್ಡು ತಂದಿರಲಿಲ್ಲ. ಸುಟ್ಟ ಕೆಂಪು ಮೆಣಸಿನ
ಐವಾರ್ ಗೊಜ್ಜು ಎರಡು ಬಾಟಲಿ ಇಟ್ಟು ಹೋದ.

ಹತ್ತು ದಿನಕ್ಕೆ ಫೋನು.
"ಲ್ಯೂಬಿಂಕಾ, ಈಗ ತಪ್ಪಾಗುವುದೇ ಇಲ್ಲ," ಅಂದ.
ದನಿ ದೂರಿನದು.
"ಸಂಜೆಯಿಡೀ ಕೂತಿದ್ದೇನೆ. ಡಾನಾ, ಡಾನಾ, ಡಾನಾ.
ಅಷ್ಟೇ."
ಆ ತುದಿಯಲ್ಲಿ ಹಳೆಯ ಟಿವಿಯ ಸಣ್ಣ ಗುಂಯ್,
ಕುರ್ಚಿ ಸರಿದ ಸದ್ದು.
ಏನು ಹೇಳಲಿ?
"ಕಿಟಕಿ ಸ್ವಲ್ಪ ತೆಗೆದು ನೋಡಿ," ಅಂದೆ.